ಬೇಡ ಅಂದ ಮೇಲೆ

ರಾತ್ರಿ ಪಾಳಿ ಮುಗಿಸಿ ಬಂದವಳ ಮುಂದೆ ಇಂಗ್ಲಿಷ್ ಪಾಠ ಮಾಡಬಾರದು ಎಂದು ಯಾರಾದರೂ ಒಂದು ಕಾನೂನು ತರಬೇಕು. ಆ ದಿನ ಬೆಳಿಗ್ಗೆ ನಾನು ಬಾಗಿಲು ತೆಗೆದು ಒಳಗೆ ಬಂದಾಗ ನನ್ನ ಗಂಡ ಇಂದುಶೇಖರ ಅಡುಗೆಮನೆಯ ಮೇಜಿನ ತುಂಬ ಪುಸ್ತಕ ಹರಡಿಕೊಂಡು ಕೂತಿದ್ದರು. ಹಡರ್ಸ್‌ಫೀಲ್ಡ್‌ನ ಒಂದು ಕಾಲೇಜಿನಲ್ಲಿ ಹೊರದೇಶಗಳಿಂದ ಬಂದ ಹುಡುಗರಿಗೆ ಇಂಗ್ಲಿಷ್ ಕಲಿಸುವುದು ಅವರ ಕೆಲಸ. ಎರಡು ಸಣ್ಣ ಪದಗಳು ಜೊತೆಯಾಗಿ ಎರಡಕ್ಕೂ ಸಂಬಂಧವಿಲ್ಲದ ಅರ್ಥ ಕೊಡುತ್ತವಲ್ಲ, ಗಿವ್ ಅಪ್, ಪುಟ್ ಆಫ್, ಕ್ಯಾರಿ ಆನ್ ಅಂತ, ಅಂಥ ಕ್ರಿಯಾಪದಗಳೆಂದರೆ ಅವರಿಗೆ ಜೀವ. ವಾರಕ್ಕೊಂದನ್ನು ಹಿಡಿದು ಅದರ ಅರ್ಥವೇನು, ಎಲ್ಲಿಂದ ಬಂತು, ಎಲ್ಲಿ ಬಳಸಬೇಕು ಎಂದು ಬಿಡಿಸಿ ಹೇಳುತ್ತಾರೆ. ಕ್ಲಾಸಿಗೆ ಹೋಗುವ ಮೊದಲು ಅದರ ಪ್ರಯೋಗ ನನ್ನ ಮೇಲೆ ಆಗುತ್ತದೆ.

“ಈ ವಾರ ಟರ್ನ್ ಡೌನ್ ನೋಡು,” ಅಂದರು.

“ನೋಡಂಗಿಲ್ರಿ. ಚಹಾ ಐತೇನು?”

“ಐತಿ. ಕುಡ್ಕೋತ ಕೇಳು.”

ಕುರ್ಚಿಯಲ್ಲಿ ಕುಸಿದೆ. ಬೂಟು ಬಿಚ್ಚುವುದಕ್ಕೂ ತ್ರಾಣವಿರಲಿಲ್ಲ. ಆಸ್ಪತ್ರೆಯ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ನನ್ನ ಪಾಳಿಯ ರಾತ್ರಿ ಇರುವವಳು ನಾನೊಬ್ಬಳೇ. ಯಂತ್ರಗಳು ಗುಂಯ್ ಅನ್ನುತ್ತಿರುತ್ತವೆ, ತುರ್ತು ವಿಭಾಗದಿಂದ ರಕ್ತದ ಟ್ಯೂಬುಗಳು ಬರುತ್ತಲೇ ಇರುತ್ತವೆ, ರಿಸಲ್ಟ್ ಎಲ್ಲಿ ಎಂದು ಯಾವುದೋ ವಾರ್ಡಿನ ಡಾಕ್ಟರು ಫೋನಿನಲ್ಲಿ ಬಡಿದುಕೊಳ್ಳುತ್ತಿರುತ್ತಾರೆ. ವರ್ಷಗಟ್ಟಲೆ ಹೀಗೆ ಕಳೆದು ದಣಿವೆನ್ನುವುದು ನನಗೆ ಮೈಮೇಲಿನ ಬಟ್ಟೆಯ ಹಾಗಾಗಿದೆ. ಬಿಚ್ಚಿಟ್ಟು ಮಲಗಬಹುದು, ಎದ್ದ ಮೇಲೆ ಮತ್ತೆ ಅದನ್ನೇ ಹಾಕಿಕೊಳ್ಳಬೇಕು.

ಅವರು ಪಾಠ ಶುರು ಮಾಡಿದರು. ಟಿವಿಯ ಸದ್ದು ತಗ್ಗಿಸುವುದೂ ಟರ್ನ್ ಡೌನ್, ಹಾಸಿಗೆಯ ಹೊದಿಕೆಯ ಅಂಚು ಮಡಚಿಡುವುದೂ ಟರ್ನ್ ಡೌನ್, ಯಾರಾದರೂ ಕೊಡಲು ಬಂದದ್ದನ್ನು ಬೇಡ ಅನ್ನುವುದೂ ಟರ್ನ್ ಡೌನ್. ಮಡಚುವ ಅರ್ಥ ಬಹಳ ಹಳೆಯದಂತೆ. ಬೇಡ ಅನ್ನುವ ಅರ್ಥ ಎಷ್ಟೋ ಕಾಲದ ನಂತರ ಅಮೆರಿಕದ ಕಡೆಯಿಂದ ಬಂದದ್ದಂತೆ. ಕೆಲಸ ಬೇಡ ಅಂದರೂ ಇದೇ, ಮದುವೆಗೆ ಬಂದ ಗಂಡು ಬೇಡ ಅಂದರೂ ಇದೇ, ಬ್ಯಾಂಕಿನವರು ಸಾಲದ ಅರ್ಜಿ ತಳ್ಳಿದರೂ ಇದೇ.

“ಇದಕ್ಕ ಒಂದು ಕಥಿ ಹೇಳ್ತಾರ,” ಅಂದರು. “ಹಿಂದಕ ಹುಡುಗಾ ಹುಡುಗಿ ಮನಿಗೆ ಹೋಗಿ ಟೇಬಲ್ ಮ್ಯಾಲ ಒಂದು ಸಣ್ಣ ಕನ್ನಡಿ ಇಡ್ತಿದ್ದನಂತ. ಆಕಿಗೆ ಒಪ್ಪಿಗಿ ಇತ್ತಂದ್ರ ಅದರಾಗ ಮುಖಾ ನೋಡ್ಕೋಬೇಕು. ಇಲ್ಲಂದ್ರ ಕನ್ನಡಿ ಬೋರಲ ಹಾಕಬೇಕು. ಅಂವ ಸುಮ್ನ ಎದ್ದು ಹೋಗಬೇಕು.”

“ಖರೇನ ಏನ್ರಿ?”

“ಯಾರಿಗ್ಗೊತ್ತು. ನಂಗೇನೋ ಆಮ್ಯಾಲ ಕಟ್ಟಿದ ಕಥಿ ಅನಸ್ತೈತಿ, ಪುರಾವೆ ಎಲ್ಲೂ ಸಿಕ್ಕಿಲ್ಲ. ಹುಡುಗರು ನೆನಪಿಟ್ಕೋತಾರ ಅಂತ ಹೇಳ್ತೀನಿ. ಈಗ ನೀ ಒಂದು ವಾಕ್ಯ ಮಾಡು.”

“ಜೂಲಿ ಇವತ್ತ ನಂಗ ಹಗಲು ಪಾಳಿ ಕೊಡ್ತೀನಿ ಅಂದ್ಲು,” ಅಂದೆ.

“ಇದರಾಗ ಟರ್ನ್ ಡೌನ್ ಎಲ್ಲೈತಿ?” ಎಂದು ಪೆನ್ನು ಎತ್ತಿದವರು ಅಲ್ಲೇ ನಿಂತರು. “ಏನಂದಿ? ಹಗಲು ಪಾಳಿ?”

ಹಗಲು ಪಾಳಿ ಅಂದರೆ ನಮ್ಮ ಮನೆಯಲ್ಲಿ ಏನು ಎಂದು ಹೇಳಬೇಕು. ನನ್ನ ಮಗಳು ಅದಿತಿಗೆ ಇದು ಶಾಲೆಯ ಕೊನೆಯ ಘಟ್ಟ. ಇನ್ನೊಂದು ವರ್ಷಕ್ಕೆ ಅವಳು ಯೂನಿವರ್ಸಿಟಿಗೆ ಹೋಗುತ್ತಾಳೆ, ಎಲ್ಲಿ ಸಿಕ್ಕರೂ ಮನೆಯಿಂದಂತೂ ಹೋಗುತ್ತಾಳೆ. ಅವಳು ಸಣ್ಣವಳಿದ್ದಾಗ ಕಲಿತ ಮೊದಲ ಶಿಸ್ತೆಂದರೆ ಅಮ್ಮ ಮಲಗಿದ್ದಾಳೆ ಎನ್ನುವುದು. ರಜೆಯ ದಿನ ಗೆಳತಿಯರು ಬಂದರೂ ಪಿಸುಮಾತು. ಮೆಟ್ಟಿಲು ಇಳಿಯುವಾಗ ಯಾವ ಹಲಗೆ ಕಿರುಗುಟ್ಟುತ್ತದೆ ಎಂದು ನೋಡಿ ಅದನ್ನು ದಾಟಿ ಕಾಲಿಡುತ್ತಾಳೆ. ಅವಳು ಶಾಲೆಯಿಂದ ಬರುವ ಹೊತ್ತಿಗೆ ನಾನು ಏಳುತ್ತೇನೆ. ಅವಳು ಊಟಕ್ಕೆ ಕೂರುವ ಹೊತ್ತಿಗೆ ನಾನು ಬಸ್ಸಿನಲ್ಲಿರುತ್ತೇನೆ. ಅವಳು ಮನೆ ಬಿಡುವ ಮೊದಲು ಒಂದು ವರ್ಷವಾದರೂ ದಿನವೂ ರಾತ್ರಿ ಊಟಕ್ಕೆ ಅವಳ ಎದುರು ಕೂರಬೇಕು. ಇಷ್ಟೇ ನನ್ನ ಆಸೆ. ಇದಕ್ಕಿಂತ ದೊಡ್ಡದನ್ನು ಆಸೆಪಡುವ ಶಕ್ತಿಯೂ ನನ್ನಲ್ಲಿ ಉಳಿದಿರಲಿಲ್ಲ.

ಆ ದಿನ ಬೆಳಿಗ್ಗೆ ಪಾಳಿ ಒಪ್ಪಿಸುವಾಗ ಜೂಲಿ ನನ್ನನ್ನು ಕಾರಿಡಾರಿಗೆ ಕರೆದಳು. ಜೂಲಿ ನಮ್ಮ ಲ್ಯಾಬಿನ ಮ್ಯಾನೇಜರು, ಇದೇ ಯಾರ್ಕ್‌ಶೈರಿನವಳು. ಅವಳ ಮಾತನ್ನು ಕನ್ನಡಕ್ಕೆ ತಿರುಗಿಸಿಯೇ ಹೇಳುತ್ತೇನೆ, ಲವ್ ಅನ್ನುವುದನ್ನು ಮಾತ್ರ ಹಾಗೇ ಬಿಡುತ್ತೇನೆ. ಅದನ್ನು ಅವಳು ಬಸ್ ಡ್ರೈವರಿಗೂ ಅನ್ನುತ್ತಾಳೆ.

“ಮೋರೀನ್ ರಿಟೈರ್ ಆಗುತ್ತಾಳೆ, ಲವ್. ಅವಳ ಜಾಗ ಖಾಲಿಯಾಗುತ್ತದೆ. ಪೂರ್ತಿ ಹಗಲು ಪಾಳಿ. ಮೊದಲು ನಿನ್ನನ್ನೇ ಕೇಳೋಣ ಅಂದುಕೊಂಡೆ. ನಿನಗೆ ಬೇಕಾ?”

ಬೇಕು ಅನ್ನಬೇಕು ಅಂದುಕೊಂಡೆ. ಬಾಯಿ ಮಾತ್ರ ತನ್ನ ಪಾಡಿಗೆ ತಾನು, “ಅಯ್ಯೋ ಬೇಡ ಬೇಡ, ಸಣ್ಣ ಮಕ್ಕಳಿರುವವರಿಗೆ ಕೊಡು. ನನಗೆ ರಾತ್ರಿ ಅಭ್ಯಾಸವಾಗಿದೆ,” ಅಂದಿತು.

“ಖಂಡಿತಾನಾ?”

“ಖಂಡಿತ.”

“ಎಷ್ಟು ಒಳ್ಳೆಯವಳು ನೀನು,” ಎಂದು ಭುಜ ತಟ್ಟಿ ಜೂಲಿ ಹೋದಳು. ಅವಳು ತಿರುಗಿ ಬಂದು ಇನ್ನೊಂದು ಸಲ ಕೇಳುತ್ತಾಳೆ ಎಂದು ನಾನು ಅಲ್ಲೇ ನಿಂತಿದ್ದೆ. ಕಾರಿಡಾರಿನ ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಆಗಲೂ ಸ್ವಲ್ಪ ಹೊತ್ತು ನಿಂತಿದ್ದೆ.

ನಗುವವರು ನಗಲಿ. ನಾನು ಬೆಳೆದದ್ದು ನರಗುಂದದ ನಮ್ಮ ದೊಡ್ಡ ಕುಟುಂಬದಲ್ಲಿ. ಅಲ್ಲಿ ಪಂಕ್ತಿಗೆ ಕೂತಾಗ ಮೊದಲ ಸಲ ಹೋಳಿಗೆ ತಂದರೆ ಬೇಡ ಅನ್ನಬೇಕು. ಎರಡನೇ ಸಲಕ್ಕೆ ಹೊಟ್ಟೆ ತುಂಬಿದೆ ಎಂದು ತಾಟಿನ ಮೇಲೆ ಕೈ ಅಡ್ಡ ಹಿಡಿಯಬೇಕು. ಬಡಿಸುವವರು ನಿಮ್ಮ ಕೈಯನ್ನು ಸರಿಸಿ ಮೂರನೇ ಸಲ ಹಾಕಿಯೇ ಹಾಕುತ್ತಾರೆ. ನಮ್ಮ ಸೋದರಮಾವ ಒಬ್ಬರಿದ್ದರು, ತುಪ್ಪ ಬೇಡ ಎಂದು ಅಡ್ಡ ಹಿಡಿದ ಕೈಯ ಬೆರಳುಗಳನ್ನು ಅಗಲಿಸಿ ಹಿಡಿಯುತ್ತಿದ್ದರು, ತುಪ್ಪ ಸಂದಿನಲ್ಲಿ ಇಳಿಯಲಿ ಎಂದು. ಮೊದಲ ಮಾತಿಗೇ ಹೂಂ ಅಂದವನನ್ನು ಹೊಟ್ಟೆಬಾಕ ಅನ್ನುತ್ತಿದ್ದರು. ಒಂದೇ ಸಲ ಕೇಳಿ ಮುಂದೆ ಹೋದವರನ್ನು ಉಪಚಾರ ಗೊತ್ತಿಲ್ಲದ ಜನ ಅನ್ನುತ್ತಿದ್ದರು. ಈ ದೇಶಕ್ಕೆ ಬಂದು ಇಷ್ಟು ವರ್ಷವಾಯಿತು, ಮನೆಸಾಲ ತೀರಿಸುತ್ತಿದ್ದೇವೆ, ಕೌನ್ಸಿಲ್ ಟ್ಯಾಕ್ಸ್ ಕಟ್ಟುತ್ತೇವೆ, ಹವಾಮಾನದ ಬಗ್ಗೆ ಗೊಣಗುವುದನ್ನೂ ಕಲಿತಿದ್ದೇವೆ. ಆದರೆ ತಾಟಿನ ಮೇಲೆ ಕೈ ಅಡ್ಡ ಹೋಗುವುದು ಮಾತ್ರ ಬಿಟ್ಟಿಲ್ಲ.

ಎಲ್ಲ ಕೇಳಿದ ಮೇಲೆ ಇಂದುಶೇಖರ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನೀ ಅದನ್ನ ಟರ್ನ್ ಡೌನ್ ಮಾಡಿ ಬಂದೀ, ನೀಲಾ.”

“ನಾ ಎಲ್ಲಿ ಮಾಡೀನಿ? ಬ್ಯಾಡ ಅಂದ್ನಿ, ಅಷ್ಟ.”

“ಇಲ್ಲೆ ಅದಕ್ಕ ಹಂಗ ಅಂತಾರ. ನಿನ್ನ ಮನಸ್ಸಿನಾಗ ಏನಿತ್ತು ಅನ್ನೂದು ಲೆಕ್ಕಕ್ಕ ಬರಂಗಿಲ್ಲ. ಆಕಿ ಕೇಳಿದ್ಲು, ನೀ ಬ್ಯಾಡ ಅಂದಿ, ಖಂಡಿತಾನಾ ಅಂತ ಮತ್ತೊಮ್ಮೆ ಕೇಳಿದ್ಲು, ನೀ ಖಂಡಿತ ಅಂದಿ. ಮುಗೀತು. ಈ ಮಂದಿ ಬ್ಯಾಡ ಅಂದಾವರ ಮ್ಯಾಲ ಸಿಟ್ಟೂ ಆಗೂದಿಲ್ಲ, ಮತ್ತ ಕೇಳೂದೂ ಇಲ್ಲ. ಮತ್ತ ಮತ್ತ ಕೇಳಿದ್ರ ನಿನ್ನ ಮಾತಿಗೆ ಮರ್ಯಾದಿ ಕೊಡ್ಲಿಲ್ಲ ಅಂದಂಗ ಆಗ್ತೈತಿ ಅಂತ ಅವರ ಲೆಕ್ಕ.”

“ಇಷ್ಟು ಗೊತ್ತಿದ್ದಾವರು ಮೊದಲ ಹೇಳಬೇಕಿತ್ತು.”

“ನಿಂಗ ಗೊತ್ತಿಲ್ಲಂತ ನಂಗೇನ್ ಗೊತ್ತು? ಇವತ್ತ ಫೋನ್ ಮಾಡಿ ಹೇಳು, ನಂಗ ಬೇಕು ಅಂತ.”

“ನೀಡಾವರು ಮುಂದ ಹ್ವಾದ ಮ್ಯಾಲ ತಾಟು ಹಿಡ್ಕೊಂಡು ಅವರ ಹಿಂದ ಹೋಗ್ಲೇನು?”

“ಹೂಂ, ಹೋಗು,” ಅಂದರು.

ಸಿಟ್ಟು ನೆತ್ತಿಗೇರಿತು. ಅವರ ಮೇಲಲ್ಲ, ಆದರೆ ಎದುರಿಗಿದ್ದವರು ಅವರೇ. ಉಳಿದ ಚಹಾವನ್ನು ಸಿಂಕಿಗೆ ಚೆಲ್ಲಿ ಮೇಲೆ ಹೋಗಿ ಮಲಗಿದೆ. ನಿದ್ದೆ ಬರಲಿಲ್ಲ.

ಜೂಲಿಗೆ ಫೋನ್ ಮಾಡಲಿಲ್ಲ. ಕಾದೆ. ಅವಳು ಹೇಗೂ ಇನ್ನೊಮ್ಮೆ ಕೇಳುತ್ತಾಳೆ, ಕೇಳದೆ ಎಲ್ಲಿ ಹೋಗುತ್ತಾಳೆ ಎಂದು ಒಳಗೊಳಗೇ ನಂಬಿದ್ದೆ. ಪಾಳಿ ಒಪ್ಪಿಸುವಾಗ ಬೇಕೆಂದೇ ನಿಟ್ಟುಸಿರು ಬಿಟ್ಟೆ. ಈಚೆಗೆ ಸೊಂಟ ಹಿಡಿದುಕೊಳ್ಳುತ್ತದೆ ಅಂದೆ. ಚಳಿಗಾಲದಲ್ಲಿ ಕತ್ತಲಿನಲ್ಲಿ ಬಂದು ಕತ್ತಲಿನಲ್ಲೇ ಹೋಗುವುದು ಕಷ್ಟ ಅಂದೆ. ನಮ್ಮ ಕಡೆಯ ಯಾವ ಹೆಂಗಸಾಗಿದ್ದರೂ ಇಷ್ಟೊತ್ತಿಗೆ ನನ್ನ ಕೈ ಹಿಡಿದು, ಸುಮ್ಮನೆ ಆ ಪಾಳಿ ತೆಗೆದುಕೋ ಎಂದು ಗದರುತ್ತಿದ್ದಳು. ಜೂಲಿ, “ನೀನು ಹೇಗೆ ನಿಭಾಯಿಸುತ್ತೀಯೋ, ಲವ್, ನೀನಿಲ್ಲದಿದ್ದರೆ ನಮ್ಮ ಗತಿ ಏನು,” ಎಂದು ಒಂದು ಡಬ್ಬಿ ಚಾಕಲೇಟು ತಂದುಕೊಟ್ಟಳು. ಅದನ್ನು ಬಸ್ಸಿನಲ್ಲೇ ತೆರೆದು ಒಂದಾದ ಮೇಲೊಂದು ತಿಂದೆ, ರುಚಿ ಗೊತ್ತಾಗಲಿಲ್ಲ.

ಸುದ್ದಿ ಹೇಳಿದವನು ಚಿರಾಗ್. ಬೆಂಗಳೂರಿನ ಹುಡುಗ, ಇಲ್ಲೇ ಹಡರ್ಸ್‌ಫೀಲ್ಡ್‌ನಲ್ಲಿ ಎಂಎಸ್ಸಿ ಮುಗಿಸಿ ನಮ್ಮ ಲ್ಯಾಬಿಗೆ ಸೇರಿದವನು. ರಾತ್ರಿ ಪಾಳಿಗಳನ್ನು ನಾವಿಬ್ಬರೇ ಹಂಚಿಕೊಂಡು ಮಾಡುತ್ತೇವೆ. ಒಳ್ಳೆಯವನು, ನಾನು ಊಟದ ಡಬ್ಬಿ ಕೊಟ್ಟರೆ ತೊಳೆದು ಅದರಲ್ಲಿ ಏನಾದರೂ ಹಾಕಿಯೇ ವಾಪಸು ಕೊಡುತ್ತಾನೆ. ಒಂದು ಬೆಳಿಗ್ಗೆ ಯಾವುದೋ ಟ್ರೈನಿಂಗಿಗೆಂದು ಬಂದವನು ನನ್ನ ಹತ್ತಿರ ಓಡಿಬಂದ.

“ಅಕ್ಕ, ಗುಡ್ ನ್ಯೂಸ್. ಡೇ ಶಿಫ್ಟ್ ನನಗೆ ಕೊಡ್ತಿದ್ದಾರೆ. ಮೊದಲು ನಿಮ್ಮನ್ನೇ ಕೇಳಿದ್ರಂತೆ, ನೀವು ಬೇಡ ಅಂದ್ರಂತೆ. ತುಂಬಾ ಥ್ಯಾಂಕ್ಸ್ ಅಕ್ಕ.”

“ಹೌದಾ,” ಅಂದೆ.

“ಪ್ರತೀಕ್ಷಾ ಮುಂದಿನ ತಿಂಗಳು ಬರ್ತಾಳೆ, ವೀಸಾ ಆಯ್ತು. ಅವಳಿಗೆ ಇಲ್ಲಿ ಯಾರೂ ಗೊತ್ತಿಲ್ಲ. ಮದುವೆಯಾಗಿ ಬಂದವಳನ್ನ ರಾತ್ರಿ ಹೊತ್ತು ಒಬ್ಬಳೇ ಬಿಟ್ಟು ಬರೋದು ಹೆಂಗಪ್ಪಾ ಅಂತ ತಲೆ ಕೆಟ್ಟುಹೋಗಿತ್ತು. ಈಗ ನಿರಾಳ.”

“ಜೂಲಿ ಕೇಳಿದಾಗ ನೀನು ಏನಂದೆ?”

“ಏನಂತೀನಿ ಅಕ್ಕ, ಯೆಸ್ ಪ್ಲೀಸ್ ಅಂದೆ.”

“ಒಳ್ಳೇದಾಯ್ತು ಬಿಡಪ್ಪ,” ಎಂದು ಬೆನ್ನು ತಟ್ಟಿದೆ. ಮನೆಗೆ ಬರುವವರೆಗೂ ಹೊಟ್ಟೆ ಉರಿಯಿತು. ಹುಡುಗನದೇನೂ ತಪ್ಪಿರಲಿಲ್ಲ, ಅದು ಗೊತ್ತಿತ್ತು. ಗೊತ್ತಿದ್ದರೂ ಉರಿಯಿತು. ಎರಡು ಪದ ಹೇಳಿ ಅವನು ಪಡೆದದ್ದನ್ನು ನಾನು ಅಷ್ಟುದ್ದದ ವಿನಯ ಹೇಳಿ ಕಳೆದುಕೊಂಡಿದ್ದೆ.

ಆ ವಾರವೇ ಯುಗಾದಿ ಬಂತು. ರಜೆ ಇರಲಿಲ್ಲ, ಆದರೂ ಮಧ್ಯಾಹ್ನ ಎದ್ದು ಹೂರಣ ಕಡೆದು ಹೋಳಿಗೆ ಮಾಡಿಟ್ಟು ಪಾಳಿಗೆ ಹೋದೆ. ಅಪ್ಪ ಮಗಳು ಉಂಡರು. ಮಾರನೇ ದಿನ ಬೆಳಿಗ್ಗೆ ಬಸ್ಸು ಬರಲೇ ಇಲ್ಲ. ಸ್ಟಾಪಿನಲ್ಲಿ ಮಳೆಗೆ ನೆನೆಯುತ್ತ ನಿಂತಿದ್ದಾಗ ಜೂಲಿಯ ಕಾರು ಬಂದು ನಿಂತಿತು. ಅವಳಿಗೆ ಹಲ್ಲಿನ ಡಾಕ್ಟರ ಅಪಾಯಿಂಟ್‌ಮೆಂಟ್ ಇತ್ತು, ನಮ್ಮ ಮನೆಯ ದಾರಿಯಲ್ಲೇ. ಮನೆಯ ಮುಂದೆ ಇಳಿದ ಮೇಲೆ ಹಾಗೇ ಕಳಿಸಲಾಗುತ್ತದೆಯೇ? ಹಬ್ಬದ ಮಾರನೇ ದಿನ, ಹೊಸ್ತಿಲವರೆಗೆ ಬಂದವಳು. ಬಾ ಅಂದೆ. ಸಮಯವಿಲ್ಲ ಅಂದಳು. ಬಾ ಬಾ ಅಂದೆ. ಬಂದಳು.

ಹೋಳಿಗೆ ಬಿಸಿ ಮಾಡಿ ತುಪ್ಪ ಹಾಕಿ ಮುಂದಿಟ್ಟೆ.

“ಬೇಡ ಲವ್, ಹಲ್ಲಿನ ಡಾಕ್ಟರ ಹತ್ತಿರ ಹೋಗುತ್ತಿದ್ದೇನೆ,” ಅಂದಳು. ಬೇಡ ಅಂದದ್ದಕ್ಕೇ ಇನ್ನಷ್ಟು ತುಪ್ಪ ಹಾಕಿದೆ. ಪಾಪ, ಚಾಕು ಫೋರ್ಕು ಹಿಡಿದು ಅದನ್ನು ತಿಂದಳು. ಚೆನ್ನಾಗಿದೆ ಅಂದಳು. ಇನ್ನೊಂದು ತಂದೆ. “ಸಾಕು, ನಿಜವಾಗಿ ಸಾಕು.” ಹಾಕಿದೆ. ಅರ್ಧ ತಿಂದು ಚಾಕು ಫೋರ್ಕನ್ನು ಜೋಡಿಸಿ ಇಟ್ಟಳು. ನಾನು ಮೂರನೆಯದನ್ನು ಸಟ್ಟುಗದ ಮೇಲೆ ಹಿಡಿದು ನಿಂತೆ. ಅವಳು ತಟ್ಟೆಯ ಮೇಲೆ ಕೈ ಅಡ್ಡ ಇಟ್ಟಳು. ಬೆರಳುಗಳನ್ನು ಬಿಗಿಯಾಗಿ ಜೋಡಿಸಿದ್ದಳು. ನಾನು ಅವಳ ಕೈ ಸರಿಸಲು ಹೋದೆ.

“ನೀಲಾ,” ಅಂದಳು ಜೂಲಿ. ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. “ನಾನು ಬೇಡ ಅಂದರೆ ನಿಜವಾಗಿಯೂ ಬೇಡ.”

ಸಿಂಕಿನ ಹತ್ತಿರ ಪಾತ್ರೆ ತೊಳೆಯುತ್ತಿದ್ದ ಇಂದುಶೇಖರ ನಲ್ಲಿ ನಿಲ್ಲಿಸಿದರು. ಅವರು ಬಾಯಿ ತೆರೆಯುವ ಮೊದಲು ನಾನೇ ಮಾತಾಡಿದೆ.

“ನಾನು ಬೇಡ ಅಂದರೆ ಹಾಗಲ್ಲ, ಜೂಲಿ.”

ಅವಳಿಗೆ ಅರ್ಥವಾಗಲಿಲ್ಲ. ಹೇಳಿದೆ. ನರಗುಂದದ ಪಂಕ್ತಿ, ಸೋದರಮಾವನ ಬೆರಳು, ಮೂರನೇ ಸಲದ ಹೋಳಿಗೆ, ಎಲ್ಲ ಹೇಳಿದೆ. ನನ್ನ ಇಂಗ್ಲಿಷು ದಣಿದಾಗ ಕಾಲು ತಪ್ಪುತ್ತದೆ, ಆದರೂ ನಿಲ್ಲಿಸಲಿಲ್ಲ. ಮೊದಮೊದಲು ಜೂಲಿ ನಗುತ್ತಿದ್ದಳು. ಆಮೇಲೆ ನಗು ನಿಂತಿತು.

“ಮೋರೀನ್ ಜಾಗ,” ಅಂದಳು.

“ಹೂಂ.”

“ನಿನಗೆ ಅದು ಬೇಕಿತ್ತು.”

“ಬಹಳ ಬೇಕಿತ್ತು,” ಅಂದೆ. ಹೇಳಿದ್ದೇ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷದಲ್ಲಿ ಯಾರ ಮುಂದೆಯೂ ನನಗೆ ಇದು ಬೇಕು ಎಂದು ಬಾಯಿ ಬಿಟ್ಟು ಹೇಳಿದ ನೆನಪು ನನಗಿಲ್ಲ. ಸಟ್ಟುಗವನ್ನು ಕೈಯಲ್ಲೇ ಹಿಡಿದುಕೊಂಡು ಅಳುವುದು ನಾಚಿಕೆಗೇಡು ಅನ್ನಿಸಿತು, ಆದರೂ ಅತ್ತೆ.

ಜೂಲಿ ಎರಡೂ ಕೈಗಳಿಂದ ಮುಖ ಉಜ್ಜಿಕೊಂಡಳು. “ನಾನು ಚಿರಾಗ್‌ಗೆ ಮಾತು ಕೊಟ್ಟಾಯಿತು, ಲವ್. ಕೊಟ್ಟದ್ದನ್ನು ಕಿತ್ತುಕೊಳ್ಳಲಾರೆ. ಬಿಟ್ಟುಕೊಡು ಎಂದು ಅವನನ್ನು ಕೇಳುವುದೂ ಸರಿಯಲ್ಲ, ನಾನು ಮ್ಯಾನೇಜರು, ಅವನು ಇಲ್ಲ ಅನ್ನಲಾರ. ಹೊಸ ಪಾಳಿಪಟ್ಟಿಯನ್ನು ಶುಕ್ರವಾರದವರೆಗೆ ಕಳಿಸುವುದಿಲ್ಲ. ಅಷ್ಟರೊಳಗೆ ನೀವಿಬ್ಬರೂ ಮಾತಾಡಿಕೊಂಡು, ಅವನಾಗಿಯೇ ಬೇಡ ಅಂದರೆ, ನನ್ನದೇನೂ ಅಡ್ಡಿಯಿಲ್ಲ.” ಹೋಗುವಾಗ ನನ್ನನ್ನು ಅಪ್ಪಿಕೊಂಡಳು.

ಚಿರಾಗ್‌ನನ್ನು ಕೇಳುವುದು ನನ್ನಿಂದ ಆಗದ ಕೆಲಸವಾಗಿತ್ತು. ಇಂದುಶೇಖರರಿಗೆ ಆಗುತ್ತಿತ್ತು. ನಾನು ಮಲಗಿದ್ದಾಗ ಅವನಿಗೆ ಫೋನ್ ಮಾಡಿ ಎಲ್ಲ ಹೇಳಿಬಿಟ್ಟಿದ್ದರು. ಗುರುವಾರ ಸಂಜೆ ನಾಲ್ಕೂವರೆಗೆ ಎದ್ದು ಕೆಳಗೆ ಬಂದಾಗ ಆ ವಿಷಯ ತಿಳಿಸಿದರು.

“ಏನಂತ ಹೇಳಿದ್ರಿ?”

“ಇದ್ದದ್ದ ಹೇಳಿದ್ನಿ. ಆಕಿಗೆ ಬೇಕಾಗಿತ್ತಪ್ಪ, ಹೇಳಾಕ ಬರ್ಲಿಲ್ಲ ಅಂತ. ಮನಿಗೆ ಬರ್ತೀನಿ ಅಂದ.”

“ನನ್ನ ಮಾನಾ ಕಳದ್ರಿ.”

“ಮಾನಾ ಇಟ್ಕೊಂಡು ರಾತ್ರಿ ಪಾಳಿನ ಮಾಡು ಹಂಗಾರ,” ಅಂದರು. ಅವರಿಗೂ ಸಾಕಾಗಿತ್ತು.

ಬಾಗಿಲು ತೆಗೆದವಳು ಅದಿತಿ. “ಮಮ್, ಚಿರಾಗ್ಸ್ ಹಿಯರ್,” ಎಂದು ಹೇಳಿ ಮೇಜಿನ ಮೇಲೆ ಹರಡಿದ್ದ ತನ್ನ ಪುಸ್ತಕಗಳನ್ನು ಒಟ್ಟು ಮಾಡಿದಳು. ನಾನು ಕನ್ನಡದಲ್ಲಿ ಇಲ್ಲೇ ಇರು ಅಂದೆ. “ಇಟ್ಸ್ ಓಕೆ,” ಎಂದು ಮೇಲೆ ಹೋದಳು. ನಾನು ಎಚ್ಚರವಿದ್ದೆ, ಎದುರಿಗೇ ನಿಂತಿದ್ದೆ, ಆದರೂ ಆ ಕಿರುಗುಟ್ಟುವ ಹಲಗೆಯನ್ನು ದಾಟಿಯೇ ಕಾಲಿಟ್ಟಳು. ಅವಳಿಗೆ ಈಗ ಬೇರೆ ರೀತಿ ನಡೆಯಲು ಬರುವುದಿಲ್ಲ.

ಕಾಫಿ ಮಾಡಿ ಕೊಟ್ಟೆ. ಚಿರಾಗ್ ಜಾಕೆಟ್ ಬಿಚ್ಚದೆ ಕುರ್ಚಿಯ ತುದಿಯಲ್ಲಿ ಕೂತಿದ್ದ. ಕಾಫಿ ಬೇಡ ಅಂದ, ಕೊಟ್ಟ ಮೇಲೆ ತೆಗೆದುಕೊಂಡ. ಹೆಂಡತಿಯ ಟಿಕೆಟ್ ಆಗಿದೆ ಅಂದ. ಮ್ಯಾಂಚೆಸ್ಟರಿಗೇ ನೇರ ಬರುತ್ತಾಳೋ ಎಂದು ಇಂದುಶೇಖರ ಕೇಳಿದರು. ಇಲ್ಲ ಸರ್, ದುಬೈಯಲ್ಲಿ ವಿಮಾನ ಬದಲಿಸಬೇಕು ಅಂದ.

“ಅಕ್ಕ, ಸರ್ ಎಲ್ಲಾ ಹೇಳಿದ್ರು,” ಅಂದ ಕೊನೆಗೆ. “ನಿಜವಾಗ್ಲೂ ನನಗೆ ಗೊತ್ತಿರಲಿಲ್ಲ. ಡೇ ಶಿಫ್ಟ್ ನೀವೇ ತಗೊಳ್ಳಿ ಅಕ್ಕ. ನಾನು ಚಿಕ್ಕವನು, ಹೆಂಗೋ ಮ್ಯಾನೇಜ್ ಮಾಡ್ತೀನಿ.”

ಆ ದನಿ ನನಗೆ ಗೊತ್ತು. ಪಾತ್ರೆಯೆಲ್ಲ ತೊಳೆದಿಟ್ಟ ಮೇಲೆ ಬಾಗಿಲಲ್ಲಿ ನಿಂತ ನೆಂಟರಿಗೆ ಊಟ ಮಾಡಿಕೊಂಡು ಹೋಗಿ ಅನ್ನುತ್ತೇವಲ್ಲ, ಆ ದನಿ ಅದು. ಸುಳ್ಳಲ್ಲ, ನಿಜವೂ ಅಲ್ಲ. ಇನ್ನೊಮ್ಮೆ ಬರುತ್ತೇವೆ ಎಂದು ಅವರು ಹೇಳಲಿ ಎಂದೇ ಆಡುವ ಮಾತು. ಜೂಲಿಯ ಮುಂದೆ ಯೆಸ್ ಪ್ಲೀಸ್ ಅಂದ ಹುಡುಗ ನನ್ನ ಮುಂದೆ ಬೆಂಗಳೂರಿನ ಒಳ್ಳೆಯ ಮನೆಯ ಮಗನಾಗಿ ಕೂತಿದ್ದ. ಈಗ ನಾನು ಹೇಳಬೇಕಾದದ್ದು ಏನು ಎನ್ನುವುದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಛೇ ಛೇ, ಬೇಡಪ್ಪ, ಹೊಸದಾಗಿ ಹೆಂಡತಿ ಬರ್ತಾಳೆ, ನೀನೇ ಇಟ್ಕೋ. ಅಷ್ಟು ಹೇಳಿಸಿಕೊಂಡು, ಮನಸ್ಸಿಗೆ ಅಳುಕಿಲ್ಲದೆ ಹೋಗೋಣವೆಂದು ಅವನು ಮಳೆಯಲ್ಲಿ ಇಲ್ಲಿಯವರೆಗೆ ಬಂದಿದ್ದ. ಬರದೆಯೂ ಇರಬಹುದಿತ್ತು. ಬಂದದ್ದು ಅವನ ಒಳ್ಳೆಯತನ.

ಆ ಮಾತು ನನ್ನ ಬಾಯಲ್ಲಿ ಸಿದ್ಧವಾಗಿಯೇ ಇತ್ತು. ಒಬ್ಬಳೇ ರಾತ್ರಿ ಕಳೆಯುವ ಹೊಸ ಹುಡುಗಿಯ ಪಾಡೇನು ಎಂಬುದೂ ನನಗೆ ಗೊತ್ತಿಲ್ಲದ್ದಲ್ಲ. ನಾನು ಈ ದೇಶಕ್ಕೆ ಬಂದ ಹೊಸತರಲ್ಲಿ ಇಂದುಶೇಖರ ವೇರ್‌ಹೌಸೊಂದರಲ್ಲಿ ರಾತ್ರಿ ಕೆಲಸ ಮಾಡುತ್ತಿದ್ದರು. ನಾನು ಎಲ್ಲ ದೀಪ ಹಾಕಿಕೊಂಡು ಗೋಡೆಗೆ ಒರಗಿ ಬೆಳಗು ಮಾಡುತ್ತಿದ್ದೆ. ಪ್ರತೀಕ್ಷಾಳನ್ನು ನಾನು ನೋಡಿರಲಿಲ್ಲ, ಅವನ ಫೋನಿನ ಪರದೆಯ ಮೇಲೆ ಮಾತ್ರ ಕಂಡಿದ್ದೆ, ನಗುತ್ತಿದ್ದಳು. ಮೇಲಿನ ಕೋಣೆಯಿಂದ ಯಾವ ಸದ್ದೂ ಬರುತ್ತಿರಲಿಲ್ಲ.

“ಆಯ್ತು ಚಿರಾಗ್,” ಅಂದೆ. “ನಾನೇ ತಗೋತೀನಿ.”

ಅವನ ಮುಖದ ಮೇಲಿನ ನಗು ಹಾಗೇ ಇತ್ತು, ಆದರೆ ಅದರ ಕೆಳಗಿನದೆಲ್ಲ ಇಳಿದುಹೋಯಿತು. ನಾನು ಇನ್ನೂ ಏನಾದರೂ ಹೇಳಬಹುದೆಂದು ಕಾದ. ಇಂದುಶೇಖರ ನನ್ನ ಕಡೆ ನೋಡಿದರು. ಇಷ್ಟು ದಿನ ಬಾಯಿ ಬಿಟ್ಟು ಕೇಳು ಎಂದು ಪಾಠ ಮಾಡಿದವರು ಅವರೇ.

“ನೀಲಾ,” ಅಂದರು ಮೆಲ್ಲಗೆ, “ಅಂವ ಏನೋ ದೊಡ್ಡ ಮನಸ್ಸು ಮಾಡಿ…”

“ನೀವು ಸುಮ್ಕಿರ್ರಿ.”

“ಇಲ್ಲ ಸರ್, ಅಕ್ಕ ತಗೊಳ್ಲಿ,” ಅಂದ ಚಿರಾಗ್. ಇದು ಎರಡನೇ ಸಲ. ಈ ಸಲವಾದರೂ ನಾನು ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಬದಲಿಗೆ ಫೋನ್ ತೆಗೆದುಕೊಂಡು ಅವನ ಎದುರಿಗೇ ಜೂಲಿಯ ನಂಬರು ಒತ್ತಿದೆ. ಅವನು ಮನೆಗೆ ಹೋಗಿ ಯೋಚಿಸಿ, ಧೈರ್ಯ ತಂದುಕೊಂಡು ಇಲ್ಲ ಅಕ್ಕ ಅನ್ನುವುದಕ್ಕೆ ನಾನು ಒಂದು ರಾತ್ರಿಯ ಅವಕಾಶವನ್ನೂ ಕೊಡಲು ತಯಾರಿರಲಿಲ್ಲ.

ಜೂಲಿ ಫೋನ್ ಎತ್ತಿದಳು. ಚಿರಾಗ್ ಬಿಟ್ಟುಕೊಟ್ಟಿದ್ದಾನೆ, ಹಗಲು ಪಾಳಿಗೆ ನನ್ನ ಹೆಸರು ಹಾಕು ಅಂದೆ.

“ಅವನು ಖುಷಿಯಿಂದ ಬಿಟ್ಟನಾ, ಲವ್? ನಿಜವಾಗಿಯೂ?” ಎಂದು ಕೇಳಿದಳು. “ನಿಮ್ಮಲ್ಲಿ ಹೇಗೆ ಎಂದು ನೀನೇ ನನಗೆ ಹೇಳಿಕೊಟ್ಟೆಯಲ್ಲ, ಅದಕ್ಕೆ ಕೇಳುತ್ತಿದ್ದೇನೆ. ಅವನು ಅಲ್ಲೇ ಇದ್ದರೆ ಇನ್ನೊಂದು ಸಲ ಕೇಳು.”

ಚಿರಾಗ್ ಅವಳ ಮಾತು ಕೇಳಿಸುವಷ್ಟು ಹತ್ತಿರದಲ್ಲೇ ಕೂತಿದ್ದ. ಎರಡೂ ಕೈಗಳಲ್ಲಿ ಕಾಫಿ ಲೋಟ ಹಿಡಿದು ಅದರೊಳಗೇ ನೋಡುತ್ತಿದ್ದ.

“ಕೇಳಿದೆ,” ಅಂದೆ ನಾನು. “ಅವನಿಗೆ ಬೇಡವಂತೆ.”

ಅವನು ಇಲ್ಲ ಅನ್ನಲಿಲ್ಲ. ಅನ್ನುವುದಿಲ್ಲ ಎಂದು ನನಗೆ ಗೊತ್ತಿತ್ತು.